ಯಕ್ಷಿಯ ಮೆಟ್ಟು

ಕೋಟೆಯ ಕಾವಲುಗಾರ ಗುಡಿಸಲಿಗೆ ಬಂದವನೇ ಬಾಗಿಲು ಮುಚ್ಚಿದಾಗ, ಮೆಟ್ಟು ಹೊಲಿಯುವ ಮುದುಕ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗಿದ.

ಅರಮನೆಯ ಊಳಿಗಕ್ಕೆಂದು ಎಳೆದುತಂದ ಹುಡುಗಿಯರಲ್ಲಿ ಅಂದು ಮತ್ತೊಬ್ಬಳು ಕಾಣೆಯಾಗಿದ್ದಳು. ಕೋಟೆಯ ಹಿಂಬಾಗಿಲ ಕೆಸರಿನಲ್ಲಿ ಎಂದಿನಂತೆ ಒಂದೇ ಸಾಲು ಹೆಜ್ಜೆಗಳಿದ್ದವು, ಅವೂ ಕಾಡಿನಿಂದ ಕೋಟೆಯ ಕಡೆಗೆ. ಕಾಡಿನ ಯಕ್ಷಿಯೇ ಹುಡುಗಿಯರನ್ನು ಹೊತ್ತೊಯ್ಯುತ್ತಾಳೆ, ಅವಳ ಪಾದ ಹಿಂದುಮುಂದು ಎಂದು ಊರೆಲ್ಲ ನಂಬಿತ್ತು.

"ಯಕ್ಷಿ ಕತೆ ಮೊದ್ಲು ಹೇಳಿದ್ದು ನೀನೇ ಅಂತೆ?"

"ಯಾರೋ ಹೇಳಿದ್ರು, ನಾನೂ ಹೇಳ್ದೆ ಬುದ್ಧಿ."

"ಯಕ್ಷಿ ಮೆಟ್ಟು ಹಾಕ್ಕೊಂಡು ಓಡಾಡ್ತಾಳೇನೋ?"

ಉಳಿ ಹಿಡಿದ ಕೈ ನಿಂತಿತು. ಕಾವಲುಗಾರ ಮೂಲೆಯಲ್ಲಿದ್ದ ತೊಗಲಿನ ರಾಶಿಯನ್ನು ಕಾಲಿನಿಂದ ಸರಿಸಿದ. ಅಡಿಯಲ್ಲಿ ಅರ್ಧ ಹೊಲಿದ ಹೆಣ್ಣುಮಕ್ಕಳ ಮೆಟ್ಟೊಂದಿತ್ತು. ಅದರ ಅಡಿಯ ಅಟ್ಟೆಯನ್ನು ಹಿಂದುಮುಂದು ಮಾಡಿ ಕೂರಿಸಿತ್ತು. ಹಾಕಿಕೊಂಡವಳು ಮುಂದೆ ನಡೆದರೆ ಹೆಜ್ಜೆ ಹಿಂದಕ್ಕೆ ಮೂಡುವಂತೆ.

"ಇದನ್ನ ದಳವಾಯಿಗಳಿಗೆ ತೋರ್ಸಿದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು ಬುದ್ಧಿ. ಕೈ ಕಡೀತಾರೆ."

"ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ನಿನ್ನ ಹೆಂಡ್ತಿಗೆ?"

"ಅವಳು ದಿನಾ ಯಕ್ಷಿಗೆ ದೀಪ ಹಚ್ತಾಳೆ ಬುದ್ಧಿ."

ಕಾವಲುಗಾರ ಬಾಗಿಲ ಸಂದಿಯಿಂದ ಹೊರಗೊಮ್ಮೆ ಇಣುಕಿದ. ಇನ್ನು ಆಳುಗಳನ್ನು ಕೂಗುತ್ತಾನೆಂದು ಮುದುಕ ಕಣ್ಣು ಮುಚ್ಚಿಕೊಂಡ. ಕೂಗು ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಕಾವಲುಗಾರ ಅವನೆದುರು ಕುಕ್ಕರಗಾಲಿನಲ್ಲಿ ಕೂತು, ಸೊಂಟದಿಂದ ಗಂಟು ಹಾಕಿದ ದಾರವೊಂದನ್ನು ತೆಗೆಯುತ್ತಿದ್ದ.

"ನನ್ನ ಮಗಳ ಕಾಲಿನ ಅಳತೆ," ಎಂದ. "ನಾಡಿದ್ದು ಅವಳನ್ನೂ ಅರಮನೆಗೆ ಕರ್ಕೊಂಡು ಹೋಗ್ತಾರೆ."