ಅತ್ತೆಯ ರಕ್ತ ಗಂಟು ಕಟ್ಟಲಿಲ್ಲ

ಯಂತ್ರದ ಪರದೆಯ ಮೇಲಿನ ಗೆರೆ ಮೇಲೇಳಲೇ ಇಲ್ಲ. ಅತ್ತೆಯ ರಕ್ತದಿಂದ ಬೇರ್ಪಡಿಸಿದ, ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಸೊಸೆ ತನ್ನ ಪ್ರಯೋಗಕ್ಕೆಂದೇ ಕೆಡಿಸಿಟ್ಟ ಕೊಲೆಸ್ಟರಾಲ್ ಕಣಗಳನ್ನು ಬೆರೆಸಿ ಕಾಲು ಗಂಟೆಯಾಗಿತ್ತು. ಈ ಮೊದಲು ಪರೀಕ್ಷಿಸಿದ ಹನ್ನೊಂದು ಜನರ ರಕ್ತದಲ್ಲಿ ಆ ಕಣಗಳು ಸೋಕಿದ್ದೇ ತಡ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟಿ ಗೆರೆಯನ್ನು ಮೇಲೇರಿಸಿದ್ದವು. ಹೃದಯದ ನಾಳ ಮುಚ್ಚಿಹೋಗುವುದರ ಮೂಲ ಇಲ್ಲೇ ಎಂದು ತೋರಿಸುವುದು ಅವಳ ಸಂಶೋಧನೆ. ಅತ್ತೆಯವು ಮಾತ್ರ ಮುಖಪರಿಚಯವೇ ಇಲ್ಲದವರ ಹಾಗೆ ತಮ್ಮ ಪಾಡಿಗೆ ತೇಲುತ್ತಿದ್ದವು. ಇದು ರಕ್ತ ಗಂಟು ಕಟ್ಟದಂತೆ ತಡೆಯುವ ಆಸ್ಪಿರಿನ್ ಮಾತ್ರೆಯದೇ ಕೆಲಸ ಎಂದು ಅವಳಿಗೆ ಅನ್ನಿಸಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ಅತ್ತೆ, ರಕ್ತ ಕೊಡುವಾಗ ಹದಿನೈದು ದಿನದಿಂದ ಯಾವ ಮಾತ್ರೆನೂ ತಗೊಂಡಿಲ್ಲ ಅಂತ ಸಹಿ ಹಾಕಿದ್ರಿ. ನಿಜ ಹೇಳಿ."

ಹೊಲಿಗೆ ಯಂತ್ರದ ಮುಂದಿದ್ದ ಅತ್ತೆ ಕನ್ನಡಕ ಹಣೆಗೇರಿಸಿದರು. "ಹದಿನೈದು ದಿನ ಏನು ಬಂತು, ನಿನ್ನ ಗಂಡನ್ನ ಹೆತ್ತಾಗಿಂದ ನುಂಗಿಲ್ಲ."

"ಮತ್ತೆ ನಿಮ್ಮ ರಕ್ತದಲ್ಲಿ ಆಸ್ಪಿರಿನ್ ಕೂತಿದೆಯಲ್ಲ?"

"ಆಸ್ಪಿರಿನ್ನಾ? ಅದು ನಿನ್ನ ಮಾವನ ಮಾತ್ರೆ ಕಣೇ." ಅತ್ತೆ ದನಿ ತಗ್ಗಿಸಿದರು. "ಎದೆನೋವಿಂದ ಎದ್ದು ಬಂದಾಗಿಂದ ಮಾತ್ರೆ ಅಂದ್ರೆ ಮಾರುದೂರ ಓಡ್ತಾರೆ. ಅದಕ್ಕೆ ನಾನೇ ಬೆಳಿಗ್ಗೆ ಅವರ ಟೀಗೆ ಕದಡಿ ಕೊಡ್ತೀನಿ. ಆರು ತಿಂಗಳಾಯ್ತು, ಒಂದು ದಿನ ತಪ್ಪಿಸಿಲ್ಲ. ನೀನು ಬಾಯಿ ಬಿಡಬೇಡ."

ಸೊಸೆ ಕೈಚೀಲ ಅಲ್ಲೇ ಇಟ್ಟಳು. ನೆಟ್ಟಗೆ ವರಾಂಡಾಕ್ಕೆ ಹೋದಳು. ಮಾವ ಹಳೆಯ ಗೋಡೆ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದರು.

"ಮಾವ, ಬೆಳಗಿನ ಟೀ ಹೇಗಿರುತ್ತೆ?"

ಮಾವ ಅತ್ತಿತ್ತ ನೋಡಿದರು. "ಯಾರಿಗೂ ಹೇಳಬೇಡಮ್ಮ. ನನ್ನ ಲೋಟದ್ದು ಏನೋ ಹುಳಿ ಹುಳಿ. ಅವಳು ಹಾಲು ತಗೊಳ್ಳೋಕೆ ಬಾಗಿಲಿಗೆ ಹೋದಾಗ ಅವಳ ಲೋಟದ ಜೊತೆ ಬದಲಾಯಿಸಿಬಿಡ್ತೀನಿ."

ಹಿಂದೆಯೇ ಬಂದು ನಿಂತಿದ್ದ ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅಯ್ಯೋ, ನನ್ನ ನಾಲಿಗೆನೇ ಕೆಟ್ಟಿದೆ ಅಂದ್ಕೊಂಡಿದ್ದೆ. ಸೂಜಿ ಚುಚ್ಚಿದ್ರೆ ರಕ್ತ ನಿಲ್ತಾನೇ ಇರಲಿಲ್ಲ, ವಯಸ್ಸಾಯ್ತು ಅಂದ್ಕೊಂಡೆ."

ವಿಷಯ ತಿಳಿದ ಮಾವ ಮೊದಲು ನಕ್ಕರು. ಮರುದಿನ ಸೊಸೆ ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ಅವರದೇ ರಕ್ತಕ್ಕೆ ಆ ಕಣಗಳನ್ನು ಬೆರೆಸಿ ತೋರಿಸಿದಾಗ ನಗು ಇಂಗಿಹೋಯಿತು. ಗೆರೆ ಪರದೆಯ ನೆತ್ತಿಗೆ ಏರಿತ್ತು. ಗಾಜಿನ ನಳಿಕೆಯಲ್ಲಿ ಒಡೆದ ಹಾಲಿನಂಥ ಗರಣೆಗಳು. ಸೊಸೆ ಅಲ್ಲಿಂದ ಅವರನ್ನು ನೇರವಾಗಿ ಹೃದಯದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಮಾವ ಎದೆಯ ಮೇಲಿನ ಕೈ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಮಾವ ಮಾತ್ರೆಯನ್ನು ಎಲ್ಲರೆದುರೇ ನುಂಗಿದರು. ಅತ್ತೆ ನಂಬಲಿಲ್ಲ. ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಟಾರ್ಚು ಬಿಟ್ಟು ನೋಡಿದರು. ನೋಡುತ್ತಾ ನೋಡುತ್ತಾ ಅವರ ದನಿ ಮೆತ್ತಗಾಯಿತು.

"ಎಡಗಡೆ ಮೂರು ದವಡೆ ಹಲ್ಲೇ ಇಲ್ಲವಲ್ರೀ. ಯಾವಾಗ ಹೋದವು?"