ಪಕ್ಕದ ಸೀಟು

“ಬ್ರೇಕು, ಬ್ರೇಕು,” ಎನ್ನುತ್ತ ಗಂಡ ಬಲಗಾಲಿನಿಂದ ವ್ಯಾನಿನ ನೆಲ ಒತ್ತಿದ. ಅವನ ಕಾಲ ಕೆಳಗೆ ಬ್ರೇಕು ಇರಲಿಲ್ಲ, ರಬ್ಬರ್ ಮ್ಯಾಟ್ ಇತ್ತು. ಬ್ರೇಕು, ಕ್ಲಚ್ಚು, ಸ್ಟೀರಿಂಗು ಎಲ್ಲ ಈಗ ಹೆಂಡತಿಯ ವಶ.

“ಮೂವತ್ತರಲ್ಲಿ ಹೋಗ್ತಿದೀನಿ. ಸೈಕಲ್‌ನವರು ನಮ್ಮನ್ನ ದಾಟಿ ಹೋಗ್ತಿದಾರೆ. ಸುಮ್ನೆ ಕೂತ್ಕೊಳ್ಳಿ,” ಎಂದಳು ಹೆಂಡತಿ.

ಸುಮ್ಮನೆ ಕೂರುವುದು ಗೊತ್ತಿದ್ದರೆ ತಾನೆ. ಮೂವತ್ತೊಂದು ವರ್ಷ ಇದೇ ಘಟ್ಟದಲ್ಲಿ ಸಿಮೆಂಟಿನ ಲಾರಿ ಓಡಿಸಿದ ಮನುಷ್ಯ. ಮೊಣಕಾಲಿನ ಆಪರೇಷನ್ ಆದ ಮೇಲೆ ಇನ್ನು ಕ್ಲಚ್ ಒತ್ತಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಅವನು ಮೂಲೆ ಹಿಡಿದ ಮೇಲೆ ಹೆಂಡತಿ, ಹೊಲಿಗೆ ಕ್ಲಾಸಿನ ಟೀಚರು, ಐವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಲೈಸೆನ್ಸ್ ಕೈಗೆ ಬಂದ ತಿಂಗಳಿಗೇ ತಂಗಿಯ ಮಗನ ವ್ಯಾನು ಕೇಳಿ ತಂದು, ಟೆಂಟು, ಸ್ಟವ್ವು, ಎರಡು ಕಂಬಳಿ ಹೇರಿದಳು. “ಎಲ್ಲಿಗಾದ್ರೂ ಹೋಗೋಣ, ಆ ಘಟ್ಟ ಮಾತ್ರ ಬೇಡ” ಎಂದು ಗಂಡ ಗೋಗರೆದರೂ ಕೇಳಲಿಲ್ಲ.

ಅವಳ ಹೊಟ್ಟೆಯಲ್ಲೊಂದು ಹಳೆಯ ಉರಿ ಇತ್ತು. ಮದುವೆಯಾದ ಹೊಸದರಲ್ಲಿ, “ಒಂದ್ಸಲ ನನ್ನನ್ನೂ ಲಾರೀಲಿ ಕರ್ಕೊಂಡು ಹೋಗಿ, ಬೆಟ್ಟ ನೋಡ್ಬೇಕು” ಎಂದಿದ್ದಳು. “ಅಲ್ಲೇನಿದೆ ಮಣ್ಣು? ದೂರದ ಬೆಟ್ಟ ನುಣ್ಣಗೆ. ಹೋದ್ರೆ ಬರೀ ತಿರುವು” ಎಂದಿದ್ದ. ಪ್ರತಿ ವರ್ಷವೂ ಅದೇ ಉತ್ತರ. ಕೊನೆಗೆ ಕೇಳುವುದನ್ನೇ ಬಿಟ್ಟಳು. ಆದರೆ ಕ್ಲಾಸಿನ ಹುಡುಗಿಯರು ಆ ಬೆಟ್ಟದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತಂದು ತೋರಿಸಿದ ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಇಷ್ಟು ಚೆಂದದ್ದನ್ನು ತಾನೊಬ್ಬನೇ ನೋಡಿಕೊಂಡು ಬಂದು, ಮನೆಯಲ್ಲಿ ಏನೂ ಇಲ್ಲ ಎನ್ನುತ್ತಿದ್ದನಲ್ಲ. ಇವತ್ತು ಅವನನ್ನು ಆ ಬೆಟ್ಟದ ಎದುರಿಗೇ ನಿಲ್ಲಿಸಿ, ಇದು ಏನೂ ಅಲ್ವಾ ಎಂದು ಕೇಳಬೇಕಿತ್ತು. ಬಂದದ್ದೇ ಅದಕ್ಕೆ.

ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಕಾವಲುಗಾರ ಚೀಟಿ ಕೊಟ್ಟ. “ಕ್ಯಾಂಪ್ ಜಾಗಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಅಮ್ಮಾ. ನಡುವೆ ಎಲ್ಲೂ ನಿಲ್ಲಿಸ್ಬೇಡಿ, ಮೇಲಿಂದ ಕಲ್ಲು ಉರುಳುತ್ವೆ.”

ಮೂರನೆಯ ತಿರುವಿನಲ್ಲಿ ಮರಗಳು ಮುಗಿದವು. ಮ್ಯಾಟಿನ ಮೇಲೆ ಕಾಲು ಒತ್ತುವ ಸದ್ದು ನಿಂತಿತು. ಗಂಡ ದೊಡ್ಡದಾಗಿ ಉಸಿರೆಳೆದುಕೊಂಡ.

“ಇದು ಇಲ್ಲೇ ಇತ್ತಾ?”

“ಏನು?”

“ಬೆಟ್ಟ ಕಣೇ. ಇದೆ ಅಂತ ಗೊತ್ತಿತ್ತು. ಹೀಗಿದೆ ಅಂತ ಗೊತ್ತಿರ್ಲಿಲ್ಲ. ಆಕಾಶಕ್ಕೆ ಜಾಗಾನೇ ಬಿಟ್ಟಿಲ್ಲ ನೋಡು. ಮೋಡ ಇದರ ಸೊಂಟದ ಹತ್ರಾನೇ ನಿಂತಿದೆ, ಮೇಲೆ ಹತ್ತೋಕಾಗದೆ.”

“ನಾಟಕ ಸಾಕು. ಮೂವತ್ತೊಂದು ವರ್ಷ ನೋಡಿದ್ದೇ ಅಲ್ವಾ,” ಎಂದು ಅವಳು ಅತ್ತ ತಿರುಗಿದಳು. ಬೆಳ್ಳಗೆ ಏನೋ ಹೊಳೆಯಿತು, ಅಷ್ಟೆ. ಚಕ್ರದಡಿ ಜಲ್ಲಿ ಕರಕರ ಎಂದಿತು. “ರಸ್ತೆ ನೋಡು,” ಎಂದ ಗಂಡ. ಅವಳು ಸ್ಟೀರಿಂಗ್ ತಿರುಗಿಸಿ ಬಿಳಿ ಗೆರೆಯ ಒಳಗೆ ಬಂದಳು. ಗೆರೆಯ ಆಚೆಗೆ ಗೋಡೆಯೂ ಇರಲಿಲ್ಲ, ನೆಲವೂ ಇರಲಿಲ್ಲ.

ಆಮೇಲೆ ಅವಳು ತಲೆ ಎತ್ತಲಿಲ್ಲ. ಹತ್ತು ಮಾರು ಟಾರು, ಒಂದು ಬಿಳಿ ಗೆರೆ, ಮುಂದಿನ ತಿರುವು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಪಕ್ಕದಲ್ಲಿ, ಮನೆಯಲ್ಲಿ ಕೇಳಿದ್ದಕ್ಕಷ್ಟೇ ಹೂಂ ಎನ್ನುವ ಮನುಷ್ಯ ಗಾಜಿಗೆ ಹಣೆ ಹಚ್ಚಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದ. “ನೀರು ಬೀಳ್ತಿದೆ ಕಣೇ, ಕೆಳಗೆ ಮುಟ್ಟೋದೇ ಇಲ್ಲ, ಅರ್ಧ ದಾರೀಲೇ ಹೊಗೆ ಆಗೋಗ್ತಿದೆ. ಅಗೋ ಕಾಡುಮೇಕೆ, ಗೋಡೆ ಥರ ಇರೋ ಬಂಡೆ ಮೇಲೆ ಮರೀನೂ ಕರ್ಕೊಂಡು ನಿಂತಿದೆ. ಅಯ್ಯೋ, ಇದರ ಹಿಂದೆ ಇನ್ನೊಂದಿದೆ, ಇದಕ್ಕಿಂತ ದೊಡ್ಡದು.” ನಡುನಡುವೆ ಮಾತು ನಿಲ್ಲಿಸಿ, ಗಾಜಿಗೆ ಹತ್ತಿದ ಉಸಿರಿನ ಮಂಜು ಒರೆಸುತ್ತಿದ್ದ.

ಎಷ್ಟನೆಯ ತಿರುವೋ, ಅವಳಿಗೆ ಲೆಕ್ಕ ತಪ್ಪಿತ್ತು, ಆಗ ಅರ್ಥವಾಯಿತು. ತಾನು ಈಗ ಕಾಣುತ್ತಿರುವುದನ್ನೇ ಅವನೂ ಕಂಡದ್ದು. ಬೆನ್ನ ಹಿಂದೆ ಹದಿನಾರು ಟನ್ ಸಿಮೆಂಟು, ಮನೆಯಲ್ಲಿ ಮೂರು ಮಕ್ಕಳು, ಕಣ್ಣ ಮುಂದೆ ಹತ್ತು ಮಾರು ಟಾರು. ಬರೀ ತಿರುವು ಎಂದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ವರ್ಷ ಅವನನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

“ಯಾಕೆ ನಿಲ್ಲಿಸಿದ್ರಿ? ಹೇಳ್ತಾ ಇರಿ,” ಎಂದಳು.

ಕ್ಯಾಂಪ್ ಜಾಗ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹುಲ್ಲುಬಯಲಿನ ಅಂಚಿನಲ್ಲಿ ವ್ಯಾನ್ ನಿಲ್ಲಿಸಿ, ಇಂಜಿನ್ ಆರಿಸಿ, ಆಗ ಅವಳು ತಲೆ ಎತ್ತಿದಳು. ಬುಡದಿಂದ ತುದಿಯವರೆಗೆ ಬೆಟ್ಟ ಎದುರಿಗಿತ್ತು. ತುದಿಯ ಹಿಮಕ್ಕೆ ಬೆಂಕಿ ಬಿದ್ದ ಹಾಗೆ ಕೆಂಪು ಹತ್ತಿತ್ತು, ಕೆಳಗಿನಿಂದ ನೆರಳು ನಿಧಾನವಾಗಿ ಮೇಲಕ್ಕೆ ಏರುತ್ತಿತ್ತು. ಇಷ್ಟು ದೊಡ್ಡದೊಂದು ಇಷ್ಟು ಸದ್ದಿಲ್ಲದೆ ನಿಂತಿರಬಹುದೆಂದು ಅವಳು ಎಣಿಸಿರಲಿಲ್ಲ. ಫೋಟೋದಲ್ಲಿ ಇದರ ಕಾಲು ಪಾಲೂ ಇರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋದರೆ ಕೈ ಬರಲಿಲ್ಲ. ಬೆರಳುಗಳು ಮರಗಟ್ಟಿ ಸ್ಟೀರಿಂಗಿಗೆ ಕಚ್ಚಿಕೊಂಡಿದ್ದವು.

“ತಡಿ, ಎಳೀಬೇಡ,” ಎಂದು ಗಂಡ ಈಚೆ ಬಾಗಿದ. ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿ, ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕಿದ.

“ನಿಮಗೆ ಯಾರು ಬಿಡಿಸ್ತಿದ್ರು?”

“ಯಾರು ಬರ್ತಾರೆ? ಇದೇ ಬಯಲಲ್ಲೇ ಲಾರಿ ನಿಲ್ಲಿಸ್ತಿದ್ದೆ,” ಎಂದ ಅವನು, ಬೆಟ್ಟದಿಂದ ಕಣ್ಣು ಕೀಳದೆ. “ಅರ್ಧ ಗಂಟೆ ಕಣ್ಮುಚ್ಕೊಂಡು ಕೂತಿದ್ರೆ ತಾವೇ ಬಿಡ್ತಿದ್ವು.”