ಮಹಾದೇವ ಮಿಸ್ತ್ರಿಯ ಕಿವಿ

ರಾಯಬಾಗ ರಸ್ತೆಯ ಇಳಿಜಾರಿನಲ್ಲಿ ಬಾಬಾಸಾಹೇಬರು ಎಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಅಂಬಾಸಿಡರಿನ ಹಿಂಭಾಗದಲ್ಲಿ ಗುಂಯ್ ಎಂದು ಸದ್ದು ಎದ್ದಿತು. ಹಿಂದಿನ ಸೀಟಿನಲ್ಲಿದ್ದ ತಾರವ್ವನಿಗೆ ಅದು ಅಂಗಾಲಿಗೇ ತಾಕಿತು. ಕಾಲು ಒತ್ತಿದರೆ ಸದ್ದಿಲ್ಲ, ಬಿಟ್ಟರೆ ಮತ್ತೆ ಗುಂಯ್. ಮುಂದೆ ಬಾಬಾಸಾಹೇಬರ ಪಕ್ಕದಲ್ಲಿ ಅವಳ ಗಂಡ ಮಹಾದೇವ ಮಿಸ್ತ್ರಿ ಕಬ್ಬಿನ ಹೊಲ ನೋಡುತ್ತ ಆರಾಮಾಗಿ ಕೂತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ. ಆರು ತಿಂಗಳಿಂದ ಅವನಿಗೆ ಏನೂ ಕೇಳಿಸುತ್ತಲೇ ಇರಲಿಲ್ಲ.

ಇದು ಗೊತ್ತಿದ್ದದ್ದು ತಾರವ್ವನಿಗೊಬ್ಬಳಿಗೇ. ಹಾರೂಗೇರಿಯಿಂದ ಅಥಣಿಯವರೆಗೆ ಹಳೇ ಗಾಡಿ ಇಟ್ಟವರೆಲ್ಲ "ಕಿವಿ ಅಂದ್ರ ಮಹಾದೇವಂದು" ಎನ್ನುವವರು. ಸ್ಕ್ರೂಡ್ರೈವರಿನ ತುದಿಯನ್ನು ಹಿಂದಿನ ಗಾಲಿಗಳ ಗೇರುಪೆಟ್ಟಿಗೆಗೆ, ಹಿಡಿಕೆಯನ್ನು ಕಿವಿಗೆ ಒತ್ತಿ, ಒಳಗಿನ ಹಲ್ಲು ಕೂದಲೆಳೆಯಷ್ಟು ಸರಿದಿದ್ದರೂ ಹಿಡಿದುಬಿಡುತ್ತಿದ್ದ. ಅವರ ಮನೆಯ ಒಲೆ ಉರಿದದ್ದೇ ಆ ಕಿವಿಯಿಂದ. ಅದು ಹೋಯಿತೆಂದು ಊರಿಗೆ ತಿಳಿದರೆ ಗ್ಯಾರೇಜಿನ ಬಾಗಿಲಿಗೆ ನಾಯಿ ಕೂಡ ಬರುವುದಿಲ್ಲ. ಅದಕ್ಕೇ ಗಂಡ ಹೆಂಡತಿ ಉಪಾಯ ಮಾಡಿಕೊಂಡಿದ್ದರು. ಮಾತನ್ನು ಅವನು ತುಟಿ ನೋಡಿ ಹಿಡಿಯುತ್ತಿದ್ದ. ಗಾಡಿ ಓಡಿಸಿ ನೋಡುವಾಗ ಚಿಂಚಲಿ ಮಾಯವ್ವನ ಗುಡಿಯ ನೆವ ಹೇಳಿ ತಾರವ್ವ ಹಿಂದೆ ಹತ್ತುತ್ತಿದ್ದಳು. ಸದ್ದು ಕೆಟ್ಟದ್ದಿದ್ದರೆ ಅವನ ಭುಜಕ್ಕೆ ಬೆರಳಿನಿಂದ ಒಂದು ತಿವಿತ, ಅಷ್ಟೇ.

ತಾರವ್ವ ಕೈ ಎತ್ತಿದಳು. ಅಷ್ಟರಲ್ಲಿ ಬಾಬಾಸಾಹೇಬರು ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕರು.

"ತಾರವ್ವಾ, ಈಗ ಮನ್ಯಾಗ ನನ್ನ ಮಗಳು ಕೋಮಲಗ ಅರಿಶಿಣ ಹಚ್ಚಾಕತ್ತಾರ. ನಮ್ಮವ್ವ ಇದ ಗಾಡ್ಯಾಗ ಸೊಸಿ ಆಗಿ ಬಂದಾಕಿ. ನಾಳೆ ಕೋಮಲ ಇದ್ರಾಗ ಗಂಡನೂರು ಭೋಜಕ್ಕ ಹೋಗ್ತಾಳ. ಐವತ್ತು ದಾಟಿದ್ರ ಚೀರತಿತ್ತು ಈ ಮುದುಕಿ ಗಾಡಿ. ನಿನ್ನ ಗಂಡ ಹಿಂದಿನ ಗೇರ್ ಎಲ್ಲಾ ಬದಲ ಮಾಡಿ ಎಂಬತ್ತು ಓಡೂಹಂಗ ಮಾಡ್ಯಾನ ನೋಡ!"

ಎತ್ತಿದ ಕೈ ಅಲ್ಲೇ ನಿಂತಿತು. ಅರಿಶಿಣ ಹಚ್ಚುವ ದಿನ ಮದುಮಗಳ ಗಾಡಿಗೆ ಕೆಟ್ಟ ನುಡಿ ಆಡುವುದೆಂದರೇನು! ಆಡಿದವರ ಮನೆಯೂ ಉದ್ಧಾರವಾಗದು, ಕೇಳಿದವರ ಮನೆಯೂ ಉದ್ಧಾರವಾಗದು. ಗೇರು ಬಿಚ್ಚಿ ಕೂಡಿಸಲು ಎರಡು ದಿನ ಬೇಕು, ಮದುವೆಯೋ ನಾಳೆ. 'ಮದುವಿ ಅಕ್ಕಿಕಾಳು ಒಂದ ಬೀಳ್ಲಿ, ಆಮ್ಯಾಲ ಬಿಚ್ಚಿಸಿದ್ರಾತು' ಎಂದುಕೊಂಡು ತಾರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮಹಾದೇವ, ಏನೋ ಗುಂಯ್ ಅಂದಂಗಾತಲ್ಲೋ?" ಬಾಬಾಸಾಹೇಬರು ಅವನತ್ತ ತಿರುಗಿ ಕೇಳಿದರು.

ಮಹಾದೇವ ಅವರ ತುಟಿ ನೋಡಿದ. ಭುಜಕ್ಕೆ ಬೆರಳು ಬರುತ್ತದೇನೋ ಎಂದು ಒಂದು ಗಳಿಗೆ ಕಾದ. ಬರಲಿಲ್ಲ. ಮುಖ ಸಡಿಲಾಯಿತು.

"ಏನಿಲ್ರಿ ಸಾಹೇಬ್ರ. ಹೊಸಾ ಹಲ್ಲ ಅದಾವ, ಓಡಿದಂಗ ಕೂಡತಾವ."

"ಹಂಗಾರ ನನಗ ಭ್ರಮಾ ಬಿಡು. ನಿನ್ನ ಕಿವಿ ಮುಂದ ನಮ್ಮದೇನ್ ನಡೀತೈತಿ!"

ಸದ್ದು ಕೇಳಿದವರು ಇಬ್ಬರು, ತೀರ್ಪು ಕೊಟ್ಟದ್ದು ಕೇಳದವನು. ಎಂಥ ಕರ್ಮ!

ಮದುವೆಗೆ ಗಂಡ ಹೆಂಡತಿ ಹೋಗಲಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿಸುತ್ತಾರೆಂಬ ಹೆದರಿಕೆ ಅವನಿಗೆ. ಆ ಗಾಡಿ ಹತ್ತುವ ಹುಡುಗಿಯ ಮುಖ ನೋಡುವ ಧೈರ್ಯವಿಲ್ಲ ಇವಳಿಗೆ. ಸಂಜೆ ಪಕ್ಕದ ಮನೆಯ ಸುಂದರಾ ಎದೆ ಬಡಿದುಕೊಳ್ಳುತ್ತ ಗ್ಯಾರೇಜಿಗೆ ಓಡಿಬಂದಳು.

"ಚಿಕ್ಕೋಡಿ ದಾಟಿ ಇಳಿಜಾರಿನ್ಯಾಗ ಹಿಂದಿನ ಗಾಲಿ ಎರಡೂ ಗಪ್ಪನ ಹಿಡದುವಂತ! ಗಾಡಿ ಗಿರ್ರನ ತಿರಗಿ ಕಬ್ಬಿನ ಟ್ರಾಲಿಗೆ ಹೊಡೀತಂತ. ಗಾಡಿ ಹೊಡ್ಯಾಕತ್ತಿದ್ದ ಕೋಮಲನ ಅಣ್ಣ ಸಂಜಯ, ಮದಮಗ, ಇಬ್ರೂ ದವಾಖಾನ್ಯಾಗ ಅದಾರ. ಕೋಮಲ ಹೋದ್ಲ ತಾರವ್ವಾ, ಹೋಗೇಬಿಟ್ಲು!"

ಮಹಾದೇವ ನಾಲ್ಕು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತಿದ್ದ. ಸುಂದರಾ ಅತ್ತಳು, ಹೋದಳು. ಅವನು ತೊಳೆಯುತ್ತಲೇ ಇದ್ದ. ತಾರವ್ವ ಹೋಗಿ ಅವನ ಭುಜ ಮುಟ್ಟಿದಳು. ಅವನು ತಿರುಗಿ ನಕ್ಕ. ಅವಳ ತುಟಿ ಅಲ್ಲಾಡಿತು, ಬಂದದ್ದು ಬೇರೆ ಮಾತು.

"ಊಟಕ್ಕ ಏಳ್ರಿ."

ಮರುದಿನ ಮುಂಜಾನೆ, ಮಗಳ ಮಣ್ಣು ಮುಗಿಸಿಕೊಂಡು ಬಾಬಾಸಾಹೇಬರು ನೇರ ಗ್ಯಾರೇಜಿಗೆ ಬಂದರು. ಮೈಮೇಲೆ ನಿನ್ನೆಯ ಮದುವೆಯ ಅಂಗಿಯೇ ಇತ್ತು. ಮಹಾದೇವ ಒಂದು ಜೀಪಿನ ಅಡಿ ಮಲಗಿ ಕೆಲಸ ನಡೆಸಿದ್ದ, ಕಾಲಷ್ಟೇ ಹೊರಗೆ. ಬಾಗಿಲಲ್ಲಿದ್ದ ತಾರವ್ವ ಎದ್ದು ನಿಂತಳು. ಬೈದುಬಿಡಲಿ, ಹೊಡೆದುಬಿಡಲಿ, ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಳು. ಅವರು ಅವಳತ್ತ ನೋಡಲೇ ಇಲ್ಲ. ಜೀಪಿನ ಪಕ್ಕ ನಿಂತು, ಅಡಿಯಲ್ಲಿದ್ದವನಿಗೆ ಹೇಳಿದರು.

"ನನಗ ಕೇಳಿಸಿತ್ತೋ ಮಹಾದೇವ. ಇದ ಕಿವೀಲೆ ಕೇಳಿಸಿತ್ತು. ನೀ ಏನಿಲ್ಲ ಅಂದಿ, ನನ್ನ ಕಿವೀನ ಸುಳ್ಳ ಅಂದ್ಕೊಂಡ್ನಿ. ನಿಂದ ತಪ್ಪಿಲ್ಲೋ. ನನ್ನ ಮಗಳನ್ನ ನಾನ ಕೊಂದ್ನಿ."

ಅಡಿಯಲ್ಲಿ ಬೋಲ್ಟು ತಿರುಗಿಸುವ ಪಾನಾದ ಸದ್ದು ನಿಂತಿತು. ಮಹಾದೇವನಿಗೆ ಬಾಬಾಸಾಹೇಬರ ಕೊಲ್ಲಾಪುರಿ ಚಪ್ಪಲಿ ಈಗ ಕಂಡಿದ್ದವು. ಅಲ್ಲಿಂದಲೇ, ಸಂತೋಷದಿಂದ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಬಂದ್ರೇನ್ರಿ ಸಾಹೇಬ್ರ! ಕೋಮಲವ್ವ ಆರಾಮ ಮುಟ್ಟಿದ್ಳೇನ್ರಿ?"